ಹಸಿರು ಬೇಲಿಯ ಆರೈಕೆ: ಯಾವಾಗ, ಎಷ್ಟು, ಹೇಗೆ ಕತ್ತರಿಸಬೇಕು?

ಮನೆಯ ಮುಂದಿನ ಕೈತೋಟ, ಬಸದಿಯ ಅಂಗಳ, ಶಾಲೆಯ ಆವರಣ, ತೆಂಗು ಅಡಿಕೆ ತೋಟದ ಅಂಚು, ಹೀಗೆ ಕರ್ನಾಟಕದ ಎಲ್ಲ ಕಡೆಯೂ ಹಸಿರು ಬೇಲಿಗಳನ್ನು ಕಾಣಬಹುದು. ಕಾಂಪೌಂಡು ಗೋಡೆಗಿಂತ ಕಡಿಮೆ ಖರ್ಚಿನಲ್ಲಿ ಆಗುವ ಈ ಬೇಲಿ ಧೂಳನ್ನು ತಡೆಯುತ್ತದೆ, ಅಂಗಳವನ್ನು ತಂಪಾಗಿಡುತ್ತದೆ, ಪೂಜೆಗೆ ಹೂವನ್ನೂ ಕೊಡುತ್ತದೆ. ಆದರೆ ನೆಡುವಾಗ ಇರುವ ಉತ್ಸಾಹ ಕಾಪಾಡುವಾಗ ಇರುವುದಿಲ್ಲ. ವರ್ಷವಿಡೀ ಬೇಲಿಯನ್ನು ಅದರ ಪಾಡಿಗೆ ಬಿಟ್ಟು, ಮನೆಯಲ್ಲಿ ಮದುವೆಯೋ ಊರಿನಲ್ಲಿ ಪಂಚಕಲ್ಯಾಣವೋ ಬಂದಾಗ ಆಳನ್ನು ಕರೆಸಿ, ಮಚ್ಚಿನಿಂದ ಒಂದೇ ದಿನದಲ್ಲಿ ಸೊಂಟದೆತ್ತರಕ್ಕೆ ಕಡಿಸಿಬಿಡುವುದು ಹಲವು ಕಡೆ ನಡೆದುಬಂದ ರೂಢಿ.

ಇದರಿಂದ ಮೂರು ಬಗೆಯ ನಷ್ಟವಿದೆ. ಎಲೆಯೆಲ್ಲ ಹೋಗಿ ಬರೀ ಕಡ್ಡಿ ಉಳಿದ ಗಿಡ ಬಿಸಿಲಿಗೆ ಒಣಗುತ್ತದೆ. ಒಳಗೆ ಗೂಡು ಕಟ್ಟಿದ ಹಕ್ಕಿಯ ಮೊಟ್ಟೆ, ಮರಿಗಳು ನೆಲಕ್ಕೆ ಬೀಳುತ್ತವೆ. ರಾಶಿ ಹಾಕಿದ ಸೊಪ್ಪಿನಲ್ಲಿ ವಿಷದ ಎಲೆಗಳಿದ್ದರೆ ಅದನ್ನು ತಿಂದ ಹಸುವಿನ ಪ್ರಾಣಕ್ಕೇ ಕುತ್ತು ಬರುತ್ತದೆ. ಈ ಮೂರನ್ನೂ ತಪ್ಪಿಸುವ ದಾರಿ ಸುಲಭವಾದದ್ದೇ: ಬೇಲಿಯನ್ನು ಆಗಾಗ, ಸ್ವಲ್ಪ ಸ್ವಲ್ಪವೇ, ಒಳಗೆ ನೋಡಿಕೊಂಡು ಕತ್ತರಿಸುವುದು. ಅಂಗಡಿಯ ಲೆಕ್ಕವನ್ನು ದಿನದಿನವೂ ಬರೆದಿಟ್ಟವನಿಗೆ ವರ್ಷದ ಕೊನೆಯಲ್ಲಿ ತಲೆನೋವಿಲ್ಲ. ಬೇಲಿಯ ವಿಷಯವೂ ಹಾಗೆಯೇ.

ಕತ್ತರಿಸಿದರೆ ಬೇಲಿ ದಟ್ಟವಾಗುವುದು ಏಕೆ?

ಪ್ರತಿ ರೆಂಬೆಯ ತುದಿಯಲ್ಲಿ ಒಂದು ಮೊಗ್ಗು ಇರುತ್ತದೆ. ಆ ತುದಿಯಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ರಸ ಕೆಳಗಿಳಿದು, ಪಕ್ಕದ ಮೊಗ್ಗುಗಳು ಚಿಗುರದಂತೆ ತಡೆಯುತ್ತದೆ. ಆದ್ದರಿಂದ ಕತ್ತರಿ ಕಾಣದ ಗಿಡ ಎತ್ತರಕ್ಕೆ ಮಾತ್ರ ಏರುತ್ತದೆ, ಬುಡ ಬೋಳಾಗುತ್ತದೆ. ತುದಿಯನ್ನು ಚಿವುಟಿದೊಡನೆ ಆ ತಡೆ ಕಡಿಮೆಯಾಗಿ, ಕೆಳಗಿನ ಎರಡು ಮೂರು ಮೊಗ್ಗುಗಳು ಒಟ್ಟಿಗೆ ಚಿಗುರುತ್ತವೆ. ಒಂದು ರೆಂಬೆ ಇದ್ದಲ್ಲಿ ಎರಡು ಮೂರು ಆಗುತ್ತವೆ. ಮುಂದಿನ ಬಾರಿ ಅವುಗಳ ತುದಿ ತೆಗೆದರೆ ಇನ್ನೂ ಹೆಚ್ಚು ಕವಲೊಡೆಯುತ್ತವೆ.

ಹೊಸದಾಗಿ ಬೇಲಿ ಹಾಕುವವರು ಇಲ್ಲಿಯೇ ಎಡವುತ್ತಾರೆ. ಬೇಗ ಎತ್ತರವಾಗಲಿ ಎಂದು ಮೊದಲ ಎರಡು ವರ್ಷ ಕತ್ತರಿಯನ್ನೇ ಮುಟ್ಟಿಸುವುದಿಲ್ಲ. ಸರಿಯಾದ ಕ್ರಮವೆಂದರೆ, ಒಂದೊಂದು ಅಡಿ ಅಂತರದಲ್ಲಿ ನೆಟ್ಟ ಸಸಿಗಳು ಬೇರು ಹಿಡಿದು ಒಂದು ಅಡಿ ಬೆಳೆದಾಗ ಮೇಲಿನ ಮೂರರಲ್ಲಿ ಒಂದು ಪಾಲನ್ನು ತೆಗೆಯಬೇಕು. ಆನಂತರ ಪ್ರತಿ ಸಲ ಕತ್ತರಿಸುವಾಗಲೂ ಹಿಂದಿನ ಗುರುತಿಗಿಂತ ನಾಲ್ಕೈದು ಇಂಚು ಮಾತ್ರ ಮೇಲೆ ಬಿಡುತ್ತಾ ಹೋಗಬೇಕು. ಬೇಕಾದ ಎತ್ತರ ತಲುಪಲು ತಡವಾದರೂ ಬುಡದಿಂದಲೇ ದಟ್ಟವಾದ ಬೇಲಿ ಸಿಗುತ್ತದೆ. ಬುಡದಲ್ಲಿ ತೂತು ಬಿದ್ದ ಬೇಲಿಯನ್ನು ಆಮೇಲೆ ತುಂಬಿಸುವುದು ಬಹಳ ಕಷ್ಟ.

ಆಕಾರ: ಬುಡ ಅಗಲ, ತಲೆ ಕಿರಿದು

ಬೇಲಿಯ ಪಕ್ಕಗಳು ಗೋಡೆಯಂತೆ ನೇರವಾಗಿರಬಾರದು; ಬುಡದಲ್ಲಿ ಅಗಲವಾಗಿ ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗಬೇಕು. ಬುಡದಲ್ಲಿ ಎರಡು ಅಡಿ ಅಗಲವಿದ್ದರೆ ತಲೆಯಲ್ಲಿ ಒಂದೂವರೆ ಅಡಿ ಸಾಕು. ಕೆಳಗಿನ ಎಲೆಗಳಿಗೂ ಬಿಸಿಲು ಬೀಳಲಿ ಎಂಬುದೇ ಇದರ ಉದ್ದೇಶ. ಕೈಗೆ ಎಟುಕುವ ಮೇಲ್ಭಾಗ ತಾನಾಗಿಯೇ ಉಬ್ಬಿ, ಕೆಳಭಾಗ ನೆರಳಿನಲ್ಲಿ ಎಲೆ ಉದುರಿಸಿಕೊಂಡು ಬೋಳಾಗುವುದು ಸಾಮಾನ್ಯವಾಗಿ ಕಾಣುವ ದೋಷ. ಬುಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಇದು ಸರಿಹೋಗದು. ಮೇಲ್ಭಾಗವನ್ನು ಒಳಕ್ಕೆ ಸರಿಸಿ ಕತ್ತರಿಸಿದರೆ ಮಾತ್ರ ಸರಿಹೋಗುತ್ತದೆ.

ನೇರ ಗೆರೆಗೆ ಕಣ್ಣಂದಾಜನ್ನು ನಂಬಬಾರದು. ಬೇಲಿಯ ಎರಡು ತುದಿಗೂ ಗೂಟ ನೆಟ್ಟು, ಬೇಕಾದ ಎತ್ತರಕ್ಕೆ ದಾರ ಬಿಗಿದು, ಆ ದಾರದ ಮಟ್ಟಕ್ಕೆ ಕತ್ತರಿಸಬೇಕು. ಮೊದಲು ಪಕ್ಕಗಳನ್ನು ಕೆಳಗಿನಿಂದ ಮೇಲಕ್ಕೆ ಮುಗಿಸಿ ಕೊನೆಗೆ ತಲೆಯನ್ನು ಸಮ ಮಾಡಿದರೆ ಕೆಲಸ ಸುಲಭ. ಎತ್ತರವೂ ಏಣಿಯಿಲ್ಲದೆ ನಿಂತು ಕತ್ತರಿಸುವಷ್ಟೇ ಇದ್ದರೆ ಒಳ್ಳೆಯದು. ಮನೆಯ ಮುಂದಿನ ಬೇಲಿಗೆ ನಾಲ್ಕು ಅಡಿ ಸಾಕಾಗುತ್ತದೆ.

ಯಾವ ಗಿಡಕ್ಕೆ ಯಾವ ಕ್ರಮ?

ಡುರಾಂಟಾ ಬಹಳ ಬೇಗ ಬೆಳೆಯುವ ಗಿಡ. ಹಳದಿ ಎಲೆಯ ಈ ಗಿಡಕ್ಕೆ ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿ ಬೇಕು. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಸಾಕು. ಅಕಾಲಿಫಾಕ್ಕೂ ಇದೇ ಕ್ರಮ.

ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಪದೇಪದೇ ತುದಿ ಕತ್ತರಿಸಿದರೆ ಬೇಲಿ ಚೆನ್ನಾಗಿ ಕಾಣುತ್ತದೆ, ಆದರೆ ಹೂ ಇರುವುದಿಲ್ಲ. ಪೂಜೆಗೆ ಹೂ ಬೇಕೆನ್ನುವವರು ಇಡೀ ಸಾಲನ್ನು ಒಮ್ಮೆಗೇ ಕತ್ತರಿಸದೆ, ಒಂದು ಸಲ ಅರ್ಧ ಸಾಲು, ತಿಂಗಳೆರಡು ತಿಂಗಳ ಬಳಿಕ ಉಳಿದರ್ಧ ಎಂದು ಪಾಳಿ ಮಾಡಿಕೊಳ್ಳಬಹುದು. ಕರಾವಳಿ, ಮಲೆನಾಡಿನ ಕೇಪಳ ನಿಧಾನವಾಗಿ ಬೆಳೆಯುವುದರಿಂದ ಹೂಗೊಂಚಲು ಬಾಡಿದ ಮೇಲೆ ಹಗುರವಾಗಿ ಕತ್ತರಿಸಿದರೆ ಸಾಕು.

ಬಿಳಿ ಹೂವಿನ, ಕರಿಬೇವಿನ ನಂಟಿನ ಕಾಮಿನಿ ಗಿಡ ಒಳ್ಳೆಯ ಬೇಲಿಯಾಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಬಾರಿ ಕತ್ತರಿಸಿದರೆ ಸಾಕು. ಬಯಲುಸೀಮೆಯಲ್ಲಿ ನೀರು ಕಡಿಮೆ ಇರುವಲ್ಲಿ ಮದರಂಗಿ (ಗೋರಂಟಿ) ಬೇಲಿ ಚೆನ್ನಾಗಿ ಬರುತ್ತದೆ. ಕತ್ತರಿಸಿದ ಎಲೆಯನ್ನು ಒಣಗಿಸಿ ಪುಡಿ ಮಾಡಿಡಲೂ ಬಹುದು. ಆಡುಸೋಗೆಯ ಬೇಲಿಯನ್ನು ದನ ಮೇಕೆಗಳು ಹೆಚ್ಚಾಗಿ ಮುಟ್ಟುವುದಿಲ್ಲವಾದ್ದರಿಂದ ಹಳ್ಳಿಯಲ್ಲಿ ಅದು ಉಪಯುಕ್ತ.

ತೂಜಾ ಜಾತಿಯ ಗಿಡಗಳ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಉಳಿದ ಗಿಡಗಳು ಹಳೆಯ ಕಾಂಡದಿಂದಲೂ ಚಿಗುರುತ್ತವೆ, ತೂಜಾ ಹಾಗಲ್ಲ. ಹಸಿರು ಭಾಗವನ್ನು ದಾಟಿ ಕಂದು ಬಣ್ಣದ ಬೋಳು ಕಡ್ಡಿಯವರೆಗೆ ಕತ್ತರಿಸಿದರೆ ಆ ಜಾಗ ಮತ್ತೆ ಹಸಿರಾಗುವುದು ಕಷ್ಟ. ಅದರ ಹಸಿರು ತುದಿಯನ್ನಷ್ಟೇ ಸವರಬೇಕು.

ವರ್ಷದ ಲೆಕ್ಕಾಚಾರ

ಗಿಡ ಎಷ್ಟು ಬೇಗ ಬೆಳೆಯುತ್ತದೆಯೋ ಅಷ್ಟು ಬಾರಿ ಕತ್ತರಿಸಬೇಕು. ನಮ್ಮ ನಾಡಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಳವಣಿಗೆ ಜೋರಾಗಿರುತ್ತದೆ. ಆಗ ಪ್ರತಿ ಸಲವೂ ಎರಡು ಮೂರು ಇಂಚಿನ ಎಳೆಯ ಚಿಗುರನ್ನು ಮಾತ್ರ ತೆಗೆಯುವಂತಿರಬೇಕು. ಎಳೆಯ ಚಿಗುರಿಗೆ ಕತ್ತರಿ ಸುಲಭವಾಗಿ ಆಡುತ್ತದೆ, ಗಾಯ ಬೇಗ ಮಾಯುತ್ತದೆ.

ಆಳವಾಗಿ ಕತ್ತರಿಸುವ ಕೆಲಸವೇನಾದರೂ ಇದ್ದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಕಾಲ ಅನುಕೂಲ. ಮಳೆ ಇಳಿಮುಖವಾಗಿದ್ದರೂ ನೆಲದಲ್ಲಿ ತೇವ ಇರುತ್ತದೆ, ಬಿಸಿಲು ಕಠಿಣವಾಗಿರುವುದಿಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಆಳವಾಗಿ ಕತ್ತರಿಸಲೇಬಾರದು. ಇದುವರೆಗೆ ನೆರಳಿನಲ್ಲಿದ್ದ ಒಳಗಿನ ಎಲೆ, ಕಾಂಡಗಳಿಗೆ ನೇರ ಬಿಸಿಲು ಬಡಿದು ಸುಟ್ಟಂತಾಗುತ್ತವೆ. ಯಾವ ತಿಂಗಳಾದರೂ ನಡುಮಧ್ಯಾಹ್ನ ಬೇಡ. ಮುಂಜಾನೆ ಅಥವಾ ಸಂಜೆ, ಮೋಡ ಕವಿದ ದಿನವಾದರೆ ಇನ್ನೂ ಒಳ್ಳೆಯದು. ಎಲೆ ಒದ್ದೆ ಇರುವಾಗ ಕತ್ತರಿಸಿದರೆ ಶಿಲೀಂಧ್ರ ರೋಗ ಹರಡಲು ಅವಕಾಶವಾಗುತ್ತದೆ.

ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣ ಪರ್ವದ ದಿನಗಳಲ್ಲಿ ಹಸಿರನ್ನು ಕೊಯ್ಯದಿರುವ ಮನೆಗಳು ಸಮಾಜದಲ್ಲಿ ಹಲವಾರಿವೆ. ಭಾದ್ರಪದದ ಪರ್ವ ಬರುವುದು ಬೇಲಿ ಜೋರಾಗಿ ಬೆಳೆಯುವ ಕಾಲದಲ್ಲೇ. ಪರ್ವಕ್ಕೆ ಒಂದು ವಾರ ಮೊದಲು ಹಗುರವಾಗಿ ಕತ್ತರಿಸಿಟ್ಟರೆ ಆ ಹತ್ತು ದಿನ ಬೇಲಿಯ ಚಿಂತೆ ಇರುವುದಿಲ್ಲ. ಕ್ಷಮಾವಣಿ ಮುಗಿದ ನಂತರ ಉಳಿದ ಕೆಲಸಕ್ಕೆ ಕೈಹಾಕಬಹುದು.

ಕತ್ತರಿ ಹಾಕುವ ಮೊದಲು ಒಳಗೆ ನೋಡಬೇಕು

ದಟ್ಟವಾದ ಬೇಲಿ ಎಷ್ಟೋ ಜೀವಿಗಳ ಮನೆ. ಪಿಕಳಾರ ಹಕ್ಕಿ ಎದೆಯೆತ್ತರದ ಪೊದೆಯಲ್ಲಿ ಬಟ್ಟಲಿನಂತಹ ಗೂಡು ಕಟ್ಟುತ್ತದೆ. ಟುವ್ವಿಹಕ್ಕಿ ಎಲೆಗಳ ಅಂಚನ್ನು ನಾರಿನಿಂದ ಹೊಲಿದು ಅದರೊಳಗೆ ಗೂಡು ಮಾಡುವುದರಿಂದ ಪಕ್ಕದಲ್ಲೇ ನಿಂತರೂ ಗೊತ್ತಾಗುವುದಿಲ್ಲ. ಕಾಮಿನಿಯ ಎಲೆಗಳ ಮೇಲೆ ನಿಂಬೆ ಚಿಟ್ಟೆಯ ಹುಳುಗಳಿರುತ್ತವೆ. ಓತಿಕ್ಯಾತ, ಕಣಜದ ಗೂಡು, ಕರಾವಳಿಯಲ್ಲಾದರೆ ಎಲೆ ಹೆಣೆದುಕೊಂಡ ಕೆಂಪಿರುವೆಗಳು ಇರುತ್ತವೆ. ಬುಡದ ತರಗೆಲೆಯಲ್ಲಿ ಹಾವೂ ಇರಬಹುದು.

ಗೃಹಸ್ಥನಿಗೆ ಆರಂಭಜನ್ಯ ಹಿಂಸೆಯನ್ನು ಪೂರ್ತಿಯಾಗಿ ಬಿಡಲು ಸಾಧ್ಯವಿಲ್ಲವೆಂಬುದನ್ನು ಶ್ರಾವಕಾಚಾರ ಒಪ್ಪುತ್ತದೆ. ಆದರೆ ತ್ರಸ ಜೀವಿಗಳ ರಕ್ಷಣೆಯಲ್ಲಿ ಎಚ್ಚರವಿರಬೇಕು, ವನಸ್ಪತಿಯನ್ನೂ ಪ್ರಯೋಜನವಿಲ್ಲದೆ ಛೇದಿಸಬಾರದು ಎಂದು ಹೇಳುತ್ತದೆ. ಕಾರಣವಿಲ್ಲದೆ ಗಿಡ ಕಡಿಯುವುದನ್ನು ಅನರ್ಥದಂಡದಲ್ಲಿ ಪ್ರಮಾದಚರ್ಯೆ ಎಂದು ಎಣಿಸಲಾಗಿದೆ. ಬೇಲಿಯ ಕೆಲಸಕ್ಕೆ ಇದನ್ನು ಅನ್ವಯಿಸಿದರೆ ಅರ್ಥ ಸ್ಪಷ್ಟ: ಅಗತ್ಯವಿರುವಷ್ಟನ್ನು ಮಾತ್ರ, ನೋಡಿಕೊಂಡು ಕತ್ತರಿಸಬೇಕು.

ಮಾಡಬೇಕಾದುದು ಇಷ್ಟೇ. ಕೆಲಸದ ಹಿಂದಿನ ದಿನ ಹತ್ತು ನಿಮಿಷ ದೂರದಲ್ಲಿ ಕುಳಿತು ಬೇಲಿಯನ್ನು ಗಮನಿಸಬೇಕು. ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ನುಗ್ಗುತ್ತಿದ್ದರೆ, ಅದರ ಕೊಕ್ಕಿನಲ್ಲಿ ಹುಳುವೋ ನಾರೋ ಇದ್ದರೆ ಅಲ್ಲಿ ಗೂಡಿದೆ ಎಂದರ್ಥ. ಮರುದಿನ ಕೆಲಸಕ್ಕೆ ಮೊದಲು ಉದ್ದನೆಯ ಕೋಲಿನಿಂದ ಬೇಲಿಯನ್ನು ಮೆಲ್ಲಗೆ ಅಲುಗಿಸಿ ಸ್ವಲ್ಪ ಹೊತ್ತು ಬಿಡಬೇಕು. ಓಡಬಲ್ಲ ಜೀವಿಗಳು ಆಗ ಸರಿದುಹೋಗುತ್ತವೆ. ಗೂಡು ಕಂಡರೆ ಅದರ ಎರಡೂ ಪಕ್ಕದಲ್ಲಿ ಮೂರು ಮೂರು ಅಡಿ ಬಿಟ್ಟು ಬಣ್ಣದ ಬಟ್ಟೆ ಕಟ್ಟಿ ಆಳಿಗೆ ತೋರಿಸಬೇಕು. ಪಿಕಳಾರದಂತಹ ಹಕ್ಕಿಗೆ ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವವರೆಗೆ ಸುಮಾರು ನಾಲ್ಕು ವಾರ ಸಾಕು. ಒಂದು ತಿಂಗಳು ಆ ಆರಡಿ ಬೇಲಿ ಕೆದರಿಕೊಂಡಿದ್ದರೆ ಯಾರಿಗೂ ನಷ್ಟವಿಲ್ಲ. ಗೂಡನ್ನು ಎತ್ತಿ ಬೇರೆ ಗಿಡದಲ್ಲಿಟ್ಟರೆ ತಾಯಿ ಹಕ್ಕಿ ಅಲ್ಲಿಗೆ ಬಾರದಿರಬಹುದು. ಆ ಪ್ರಯತ್ನ ಬೇಡ.

ಇದು ಧರ್ಮದ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಯನ್ನು ಹಾಳು ಮಾಡುವುದು, ಗೂಡನ್ನು ಕೆಡಿಸುವುದು ಕೂಡ ಸೇರಿದೆ.

ಸಲಕರಣೆ

ಎರಡು ಹಿಡಿಯ ಉದ್ದನೆಯ ಬೇಲಿ ಕತ್ತರಿ, ಬೆರಳು ದಪ್ಪದ ಕಡ್ಡಿಗೆ ಸಿಕೇಚರ್ ಎಂದು ಕರೆಯುವ ಕೈಗತ್ತರಿ, ಅದಕ್ಕೂ ದಪ್ಪವಾದ ಕೊಂಬೆಗೆ ಸಣ್ಣ ಗರಗಸ, ಇಷ್ಟಿದ್ದರೆ ಮನೆಯ ಬೇಲಿಗೆ ಸಾಕು. ಮಚ್ಚು ಬೀಸಿದರೆ ಕಾಂಡ ಸೀಳುತ್ತದೆ. ಸೀಳಿದ ಕಾಂಡದೊಳಗೆ ನೀರಿಳಿದು ಕೊಳೆಯುತ್ತದೆ. ಅಲಗು ಹರಿತವಾಗಿರಬೇಕು. ಮೊಂಡಾದ ಕತ್ತರಿ ಎಲೆಯನ್ನು ಜಜ್ಜುತ್ತದೆ, ಎರಡು ದಿನದಲ್ಲಿ ಬೇಲಿಯ ಮೈಯೆಲ್ಲ ಕಂದಾಗಿ ಕಾಣುತ್ತದೆ. ರೋಗ ಬಂದ ಗಿಡಕ್ಕೆ ಹಾಕಿದ ಕತ್ತರಿಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸದೆ ಇನ್ನೊಂದು ಗಿಡಕ್ಕೆ ಹಾಕಬಾರದು. ಕೆಲಸ ಮುಗಿದ ಮೇಲೆ ಅಂಟು ಒರೆಸಿ ಒಂದು ಹನಿ ಎಣ್ಣೆ ಹಚ್ಚಿಟ್ಟರೆ ಕತ್ತರಿ ವರ್ಷಾನುಗಟ್ಟಲೆ ಬಾಳುತ್ತದೆ.

ಕರೆಂಟು ಅಥವಾ ಪೆಟ್ರೋಲಿನ ಯಂತ್ರ ಉದ್ದದ ಬೇಲಿಗೆ ಅನುಕೂಲವೇನೋ ಹೌದು. ಆದರೆ ಅದರ ವೇಗದಲ್ಲಿ ಗೂಡು ಕಣ್ಣಿಗೆ ಬೀಳುವ ಮೊದಲೇ ಕತ್ತರಿಸಿಹೋಗುತ್ತದೆ. ಯಂತ್ರ ಬಳಸುವವರು ಮೊದಲೇ ನೋಡಿ ಗುರುತು ಹಾಕಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ವಿದ್ಯುತ್ ತಂತಿಗೆ ತಾಗುವಷ್ಟು ಬೆಳೆದ ಕೊಂಬೆಯನ್ನು ಯಾರೂ ತಾವಾಗಿ ಕತ್ತರಿಸಬಾರದು. ವಿದ್ಯುತ್ ಕಂಪನಿಯ ಸ್ಥಳೀಯ ಕಚೇರಿಗೆ ತಿಳಿಸಬೇಕು. ಕಳ್ಳಿಯ ಬೇಲಿಯಾದರೆ ಹಾಲು ಕಣ್ಣಿಗೆ ಸಿಡಿದರೆ ಗಂಭೀರ ತೊಂದರೆಯಾಗುವುದರಿಂದ ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬಾರದು. ಹಾಲು ಸಿಡಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.

ಕತ್ತರಿಸಿದ ಸೊಪ್ಪೆಲ್ಲ ಮೇವಲ್ಲ

ಇದು ಬಹಳ ಮುಖ್ಯವಾದ ವಿಷಯ. ಹಸಿರು ಸೊಪ್ಪು ವ್ಯರ್ಥವಾಗದಿರಲಿ, ಗೋವಿಗಾದರೂ ಆಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಬೇಲಿಯ ಸೊಪ್ಪನ್ನು ಹಸುವಿನ ಮುಂದೆ ಹಾಕುವುದು, ಗೋಶಾಲೆಗೆ ಕಳಿಸುವುದು ಉಂಟು. ಆದರೆ ಬೇಲಿಗೆ ಬಳಸುವ ಗಿಡಗಳಲ್ಲಿ ಹಲವು ವಿಷಕಾರಿ.

ಕಣಗಿಲೆಯ ಎಲೆ, ಕಾಂಡ, ಹೂ ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಸ್ವಲ್ಪವೇ ಎಲೆ ಹಸುವಿನ ಪ್ರಾಣ ತೆಗೆಯಬಲ್ಲದು. ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಹಸಿ ಎಲೆ ಕಹಿ ಎಂದು ಬಿಡುವ ದನ, ಮೇವಿನೊಡನೆ ಬೆರೆತ ಒಣ ಎಲೆಯನ್ನು ತಿಂದುಬಿಡುವ ಅಪಾಯವಿದೆ. ಹಳದಿ ಕಣಗಿಲೆಯ ಬೀಜ ಮನುಷ್ಯರಿಗೂ ಮಾರಕ. ಡುರಾಂಟಾದ ಕಿತ್ತಳೆ ಬಣ್ಣದ ಕಾಯಿಗಳು ಮಕ್ಕಳನ್ನು ಆಕರ್ಷಿಸುತ್ತವೆ, ಆದರೆ ವಿಷಕಾರಿ. ಮಕ್ಕಳಿರುವ ಮನೆಯಲ್ಲಿ ಕಾಯಿ ಹಣ್ಣಾಗುವ ಮೊದಲೇ ಕತ್ತರಿಸಬೇಕು. ಲಂಟಾನ ತಿಂದ ದನಗಳ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕಾಡುಹರಳಿನ ಬೀಜವೂ ವಿಷವೇ.

ದಾಸವಾಳ, ಗ್ಲಿರಿಸಿಡಿಯದಂತಹ ಸೊಪ್ಪನ್ನು ದನಗಳಿಗೆ ಮಿತವಾಗಿ ಕೊಡಬಹುದು. ಆದರೆ ಹಲವು ಗಿಡಗಳು ಬೆರೆತ ಬೇಲಿಯಾದರೆ ಆ ಸೊಪ್ಪನ್ನು ಮೇವಾಗಿ ಕೊಡಲೇಬಾರದು. ರಾಶಿಯನ್ನು ರಸ್ತೆ ಬದಿಗೆ ಸುರಿದರೆ ಬೀದಿ ದನ ತಿನ್ನುತ್ತದೆ ಎಂಬುದೂ ನೆನಪಿರಲಿ. ತಿಂದ ಹಸು ಜೊಲ್ಲು ಸುರಿಸುತ್ತಾ, ತೂರಾಡುತ್ತಾ ಇದ್ದರೆ ಕಾಯದೆ ಪಶುವೈದ್ಯರನ್ನು ಕರೆಯಬೇಕು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಹಾಗಾದರೆ ಸೊಪ್ಪನ್ನು ಏನು ಮಾಡಬೇಕು? ದನ ಬಾರದ ಆವರಣದೊಳಗೆ, ಒಂದು ರಾತ್ರಿ ಬೇಲಿಯ ಬುಡದಲ್ಲೇ ಬಿಟ್ಟರೆ ಅದರಲ್ಲಿರುವ ಹುಳುಹುಪ್ಪಟೆಗಳು ಮತ್ತೆ ಗಿಡಕ್ಕೆ ಸೇರಿಕೊಳ್ಳುತ್ತವೆ. ಆನಂತರ ಸಣ್ಣಗೆ ಕತ್ತರಿಸಿ ಗುಂಡಿಯಲ್ಲಿ ಸಗಣಿ, ಮಣ್ಣಿನೊಡನೆ ಪದರ ಪದರವಾಗಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಕಣಗಿಲೆಯನ್ನು ಮಾತ್ರ ಬೇರೆಯಾಗಿ ಆಳದ ಗುಂಡಿಯಲ್ಲಿ ಮುಚ್ಚುವುದು ಕ್ಷೇಮ. ಬೆಂಕಿ ಹಚ್ಚುವುದು ಎಲ್ಲ ರೀತಿಯಿಂದಲೂ ತಪ್ಪು. ಅಸಂಖ್ಯ ಜೀವಿಗಳು ಸುಡುತ್ತವೆ, ಕಣಗಿಲೆಯ ಹೊಗೆಯೂ ವಿಷವೇ.

ಕೆಟ್ಟುಹೋದ ಹಳೆಯ ಬೇಲಿಗೆ ಪರಿಹಾರ

ವರ್ಷಗಟ್ಟಲೆ ಬಿಟ್ಟ ಬೇಲಿಯನ್ನು ಕಿತ್ತು ಹಾಕಬೇಕಾಗಿಲ್ಲ. ಮೊದಲ ವರ್ಷ ಒಂದು ಪಕ್ಕವನ್ನು ಮಾತ್ರ ಒಳಕ್ಕೆ ಕತ್ತರಿಸಿ, ಇನ್ನೊಂದು ಪಕ್ಕವನ್ನು ಎಂದಿನಂತೆ ಸವರಬೇಕು. ಕತ್ತರಿಸಿದ ಪಕ್ಕ ಚಿಗುರಿ ತುಂಬಿಕೊಂಡ ಮೇಲೆ, ಮರುವರ್ಷ ಇನ್ನೊಂದು ಪಕ್ಕ. ಒಂದು ಸಲಕ್ಕೆ ಇಡೀ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹೀಗೆ ಮಾಡಿದರೆ ಗಿಡದ ಆಹಾರ ತಯಾರಿ ನಿಲ್ಲುವುದಿಲ್ಲ, ಹಕ್ಕಿಗೂ ಆಸರೆ ತಪ್ಪುವುದಿಲ್ಲ. ಬೇಲಿಯ ನಡುವೆ ತಾನಾಗಿ ಹುಟ್ಟಿ ಮರವಾಗಿ ಬೆಳೆದುದನ್ನು ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. 1976ರ ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆಯಂತೆ ಹಲವು ಮರಗಳಿಗೆ ಅನುಮತಿ ಬೇಕು.

ಆಳವಾಗಿ ಕತ್ತರಿಸಿದ ಬಳಿಕ ಗಿಡಕ್ಕೆ ಶಕ್ತಿ ಬೇಕು. ಬುಡದಿಂದ ಒಂದು ಅಡಿ ದೂರದಲ್ಲಿ ಕೊಟ್ಟಿಗೆ ಗೊಬ್ಬರವನ್ನು ಬೇವಿನ ಅಥವಾ ಹೊಂಗೆಯ ಹಿಂಡಿಯೊಡನೆ ಹಾಕಿ ನೀರು ಕೊಡಬೇಕು. ನರ್ಸರಿಗಳಲ್ಲಿ ಗೊಬ್ಬರ ಕೊಳ್ಳುವಾಗ ಒಂದು ಮಾತು ಕೇಳಿ ತಿಳಿಯುವುದು ಒಳ್ಳೆಯದು. ಬೋನ್ ಮೀಲ್ ಎಂದರೆ ಪ್ರಾಣಿಗಳ ಮೂಳೆಯ ಪುಡಿ. ಸಿದ್ಧ ಮಿಶ್ರಣದ ಗೊಬ್ಬರಗಳಲ್ಲಿಯೂ ಅದು ಸೇರಿರಬಹುದು. ಚೀಲದ ಮೇಲಿನ ವಿವರ ಓದಿ ಕೊಳ್ಳಬೇಕು.

ಬಸದಿಗಳ ಆವರಣದಲ್ಲಿ

ಹಳೆಯ ಬಸದಿಯ ಜಗತಿಗೆ, ಮಾನಸ್ತಂಭದ ಪೀಠಕ್ಕೆ ಅಂಟಿಕೊಂಡಂತೆ ಬೇಲಿ ನೆಡಬಾರದು. ಬೇರು ಕಲ್ಲಿನ ಸಂದಿಗೆ ಇಳಿಯುತ್ತದೆ, ನೀರು ಹಾಕುವುದರಿಂದ ತೇವ ನಿಂತು ಪಾಚಿ ಕಟ್ಟುತ್ತದೆ. ಕನಿಷ್ಠ ನಾಲ್ಕೈದು ಅಡಿ ಅಂತರವಿರಬೇಕು. ಆವರಣದ ಅಂಚಿನ ಪೊದೆಗಳಲ್ಲಿ ಶಾಸನದ ಕಲ್ಲು, ನಿಷಿಧಿಗಲ್ಲು ಮರೆಯಾಗಿರುವುದುಂಟು. ಅಂತಹ ಕಡೆ ಮಚ್ಚು, ಯಂತ್ರ, ಬೆಂಕಿ ಯಾವುದೂ ಬೇಡ. ಕೈಗತ್ತರಿಯಿಂದ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಅದು ಒಣಗಿದ ನಂತರ ನಿಧಾನವಾಗಿ ಬಿಡಿಸಬೇಕು. ಹಸಿ ಬಳ್ಳಿಯನ್ನು ಎಳೆದರೆ ಅಕ್ಷರದ ಚಕ್ಕೆ ಎದ್ದುಬರಬಹುದು. ಬರಹ ಕಂಡರೆ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಅಥವಾ ತಿಳಿದವರಿಗೆ ತಿಳಿಸುವುದು ಸಮಾಜಕ್ಕೆ ಮಾಡುವ ಸೇವೆ.

ಬಸದಿಯ ಬೇಲಿಯ ಕೆಲಸವನ್ನು ವರ್ಷಕ್ಕೊಮ್ಮೆ ಗುತ್ತಿಗೆ ಕೊಡುವ ಬದಲು, ಊರಿನ ಯುವಕ ಮಂಡಳಿ, ಮಹಿಳಾ ಸಮಾಜದವರು ತಿಂಗಳಿಗೆ ಒಂದು ಭಾನುವಾರ ಬೆಳಗ್ಗೆ ಎರಡು ಗಂಟೆ ಕೊಟ್ಟರೆ ಸಾಕು. ಒಬ್ಬರು ಗೂಡು ನೋಡಿ ಗುರುತು ಹಾಕುವುದು, ಇಬ್ಬರು ಕತ್ತರಿಸುವುದು, ಮಕ್ಕಳು ಗಿಡದ ಹೆಸರು ಕಲಿಯುತ್ತಾ ಒಳ್ಳೆಯ ಸೊಪ್ಪನ್ನು ಗುಂಡಿಗೆ ಸೇರಿಸುವುದು, ಹೀಗೆ ಕೆಲಸ ಹಂಚಿಕೊಳ್ಳಬಹುದು. ವಿಷದ ಗಿಡಗಳ ಸೊಪ್ಪನ್ನು ಮಾತ್ರ ದೊಡ್ಡವರೇ ಎತ್ತಬೇಕು. ತಿಂಗಳಿಗೊಮ್ಮೆ ಕೈಯಾಡಿದ ಬೇಲಿಯಲ್ಲಿ ಪ್ರತಿ ಸಲ ತೆಗೆಯಬೇಕಾದುದು ಎರಡು ಇಂಚಿನ ಚಿಗುರು ಮಾತ್ರ. ಅಷ್ಟನ್ನು ತೆಗೆಯಲು ಒಳಗಿನ ಗೂಡನ್ನು ಮುಟ್ಟಬೇಕಾಗಿಯೇ ಬರುವುದಿಲ್ಲ.